ಸಿಂಡಿಕೇಟ್ ಅಂದರೆ ಬ್ಯಾಂಕಲ್ಲ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿರುವ ಹಜರತಅಲಿಗೆ ಅರ್ಧ ಮಾತು ಕಿವಿಗೆ ಬಿದ್ದರೆ ಸಾಕು, ಉಳಿದರ್ಧ ತಾನೇ ಹುಟ್ಟಿಸಿಕೊಳ್ಳುತ್ತಾನೆ. ಅವನ ಮಗಳು ಶಾಹೀನ್ ಸರಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿ ಮುಗಿದಿದ್ದರೂ ಇನ್ನೂ ತೆರೆದಿರಲಿಲ್ಲ. ದಿನಾ ಬಸ್ಸು ಬದಲಿಸಿ ಬಂದು ಮನೆ ಸೇರುವಷ್ಟರಲ್ಲಿ ಅವಳು ಸುಸ್ತಾಗಿರುತ್ತಿದ್ದಳು.

"ಹಾಸ್ಟೆಲ್ ವಿಷಯ ಸಿಂಡಿಕೇಟಿಗೆ ಹೋಗೇತಂತ, ಅಬ್ಬಾ," ಎಂದಳು ಒಂದು ಸಂಜೆ.

ಹಜರತಅಲಿಗೆ ಗೊತ್ತಿದ್ದದ್ದು ಸಿಂಡಿಕೇಟ್ ಬ್ಯಾಂಕ್ ಒಂದೇ. "ಬ್ಯಾಂಕಿಗೆ ಗಿರವಿ ಇಟ್ಟಾರೇನು! ನಾಳೆ ಜಪ್ತಿ ಮಾಡ್ತಾರ. ಸಾಕು ಬೇಟಿ ಓದಿದ್ದು, ಮನ್ಯಾಗಿರು."

ಶಾಹೀನಳ ಕಣ್ಣು ತುಂಬಿ ಬಂತು. ತಾಯಿ ರಹಿಮತಬಿ ಸುಮ್ಮನೆ ಕೂಡಲಿಲ್ಲ. ಪಕ್ಕದ ಮನೆಯ ಪುಷ್ಪಲತಾಳನ್ನು ಕರೆತಂದಳು. ಆಕೆ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಣ್ಣಾರ, ಅದು ಬ್ಯಾಂಕಲ್ರಿ! ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೇ ಸಿಂಡಿಕೇಟ್ ಅಂತಾರ. ನಿಮ್ಮ ಎಪಿಎಂಸಿಗೆ ಮಂಡಳಿ ಇಲ್ಲೇನ್ರಿ? ಹಂಗ. ಸರಕಾರ ನೇಮಿಸಿದವರು, ಪ್ರಾಧ್ಯಾಪಕರು, ಪ್ರಾಂಶುಪಾಲರು ಕೂಡಿ ಖರ್ಚು-ವೆಚ್ಚ ತೀರ್ಮಾನ ಮಾಡ್ತಾರ."

"ಮತ್ತ ಕುಲಪತಿ? ಅವರು ಮಾಲಕರಲ್ಲೇನು?"

"ಮಾಲಕರಲ್ರಿ, ನಡಸವ್ರು. ಅವರ ಮ್ಯಾಲೆ ಕುಲಾಧಿಪತಿ, ಅಂದ್ರ ಬಹಳ ಕಡೆ ರಾಜ್ಯಪಾಲರು. ಏನು ಕಲಿಸಬೇಕು ಅನ್ನಾಕ ವಿದ್ಯಾವಿಷಯಕ ಪರಿಷತ್ತು ಬ್ಯಾರೇನ ಐತಿ."

"ರೊಕ್ಕ ಯಾರ್ದು?"

"ಖಾಯಂ ಮಾಸ್ತರರ ಪಗಾರ ಬಹುಪಾಲು ರಾಜ್ಯ ಸರಕಾರದ್ದು. ಅದಕ್ಕ ಬಜೆಟ್ಟಿನಾಗ ಶಾಸಕರು ಒಪ್ಪಬೇಕು. ಉಳಿದದ್ದು ಮಕ್ಕಳ ಫೀ, ಯುಜಿಸಿ ಅನುದಾನ, ಹಿಂಗ. ಸರಕಾರ ಕೈ ಬಿಗಿ ಹಿಡಿದ್ರ ಭಾರ ಮಕ್ಕಳ ಮ್ಯಾಲೇ ಬೀಳ್ತೈತಿ. ಆ ಸರಕಾರದ ರೊಕ್ಕರೆ ಯಾರ್ದ್ರಿ? ನಾವು ನೀವು ಕಟ್ಟಿದ ತೆರಿಗಿ!"

ಹಜರತಅಲಿ ನೆಟ್ಟಗೆ ಕುಳಿತ. ತೂಕದಲ್ಲಿ ಒಂದು ಹಿಡಿ ಕಾಯಿ ಕಡಿಮೆಯಾದರೆ ಇಡೀ ಮಾರುಕಟ್ಟೆ ಎಬ್ಬಿಸುವ ಆಸಾಮಿ ಅವನು. "ಹಂಗಾರ ನಾ ಕೇಳಬಹುದು?"

"ಕೇಳಲೇಬೇಕ್ರಿ. ಅಳದಿದ್ರ ಹಡೆದ ತಾಯೀನೂ ಹಾಲು ಕೊಡಂಗಿಲ್ಲ."

ಮರುದಿನ ಇನ್ನಷ್ಟು ತಂದೆತಾಯಂದಿರನ್ನು ಕೂಡಿಸಿಕೊಂಡು ಅವನು ಕುಲಸಚಿವರನ್ನು ಕಂಡ. ವಾರ್ಡನ್, ಅಡುಗೆಯವರ ಹುದ್ದೆಗೆ ಸರಕಾರದ ಅನುದಾನ ಬಂದಿಲ್ಲವೆಂದು ತಿಳಿಯಿತು. ಅಲ್ಲಿಂದ ನೇರ ಹಾವೇರಿಗೆ ಹೋಗಿ, ಸಭೆಗೆಂದು ಅಲ್ಲಿಗೆ ಬಂದಿದ್ದ ತಮ್ಮ ಶಾಸಕರೆದುರು ನಿಂತ. "ಸಾಹೇಬ್ರ, ಅಧಿವೇಶನದಾಗ ಇದನ್ನ ಕೇಳ್ರಿ. ಏನಂದ್ರು ಅಂತ ಕೇಳಾಕ ನಾವು ಮತ್ತ ಬರ್ತೇವಿ." ಶಾಸಕರು ಕೇಳುತ್ತೇನೆಂದು ಮಾತು ಕೊಟ್ಟರು.

ಮನೆಗೆ ಬಂದವನೇ ಮಗಳ ತಲೆ ಮೇಲೆ ಕೈಯಿಟ್ಟ. "ಹಾಸ್ಟೆಲ್ ತೆಗಿಯೋ ತನಕಾ ದಿನಾ ಸಂಜಿಕ ಬಸ್‌ಸ್ಟ್ಯಾಂಡಿಗೆ ನಾನ ಬರ್ತೇನಿ. ಓದು ಬಿಡಬ್ಯಾಡ ಬೇಟಿ."

ಬಂಧುಗಳೇ, ನಿಮ್ಮ ಮಕ್ಕಳು ಓದುವ ವಿಶ್ವವಿದ್ಯಾಲಯಕ್ಕೂ ಮಾಲಕರಿದ್ದಾರೆ, ಅದು ನೀವೇ. ಅನುದಾನ ಎಷ್ಟು ಬಂತು, ಸಿಂಡಿಕೇಟ್ ಏನು ತೀರ್ಮಾನಿಸಿತು ಎಂದು ಕೇಳಿ. ವೋಟು ಕೇಳಲು ಬಂದವರನ್ನಂತೂ ಕೇಳದೆ ಕಳಿಸಬೇಡಿ.