ಗಿಟಾರ್ ಒಡೆದವನು

ಹಾಲಿವುಡ್ ಪಕ್ಕದ ಬರ್ಬ್ಯಾಂಕ್ ಊರಿನ ಟೀವಿ ಸ್ಟುಡಿಯೋ ಒಂದರಲ್ಲಿ ಇಪ್ಪತ್ತೆರಡು ವರ್ಷ ಸೆಟ್ಟಿನ ಸಾಮಾನು ನೋಡಿಕೊಂಡವನು ನಾನು. ಒಡೆಯುವ ಬಾಟಲಿ, ಒಡೆಯದ ಬಾಟಲಿ ಎರಡೂ ನನ್ನ ಜವಾಬ್ದಾರಿ. ಅದರಿಂದ ಮನೆಯಲ್ಲಿ ಮರ್ಯಾದೆಯೇನೂ ಹುಟ್ಟಿರಲಿಲ್ಲ. ಹದಿನಾರರ ಮಗಳು ರಾಬಿನ್‌ಗೆ ರಾಕ್ ಸಂಗೀತದ ಹುಚ್ಚು. "ನಿಮ್ಮ ಟೀವಿ ಬರೀ ಸುಳ್ಳು" ಎಂದು ಜಗಳವಾಡಿ, ನಾಲ್ಕು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಅವಳ ಒಂದು ಮಾತಿಗಾಗಿ ನಾನು ಬಾಯಿಬಾಯಿ ಬಿಡುತ್ತಿದ್ದೆ.

1976ರಲ್ಲಿ ನಮ್ಮ ನಿರ್ಮಾಪಕ ಮಿಲ್ಟ್‌ಗೆ ಹರೆಯದ ವೀಕ್ಷಕರನ್ನು ಒಲಿಸಿಕೊಳ್ಳುವ ಚಪಲ ಹತ್ತಿತು. 'ರಾಕ್‌ಗೊಂದು ನಮಸ್ಕಾರ' ಎಂಬ ಒಂದು ಗಂಟೆಯ ಕಾರ್ಯಕ್ರಮ. ನಡೆಸಿಕೊಡುವವನು ಬಿಳಿ ಸೂಟಿನ, ವಯಸ್ಸು ಐವತ್ತೆಂಟು ದಾಟಿದ, ಪ್ರೇಮಗೀತೆಗಳ ಗಾಯಕ. ಜೊತೆಗೆ ಗಿಟಾರಿನ ವೇಷ ತೊಟ್ಟು ಮಂಜುಗಡ್ಡೆಯ ಮೇಲೆ ಜಾರುವ ಹನ್ನೆರಡು ಹುಡುಗಿಯರು. ಇದನ್ನೆಲ್ಲ ರಾಕ್ ಎಂದು ಕರೆಯಲು ಮಿಲ್ಟ್‌ನಂಥ ಎದೆಗಾರಿಕೆಯೇ ಬೇಕು.

ಕೊನೆಗೆ ಕ್ಯಾಲ್ ಎಂಬ ಅಸಲಿ ರಾಕ್ ಹಾಡುಗಾರ, ಆ ಮಂದಿಯ ವಾಡಿಕೆಯಂತೆ, ವೇದಿಕೆಯ ಮೇಲೆ ಗಿಟಾರ್ ಒಡೆಯಬೇಕಿತ್ತು. ಹಗುರ ಮರದಲ್ಲಿ ಒಂದೇ ಒಂದು ಗಿಟಾರ್ ಮಾಡಿಟ್ಟಿದ್ದೆ. ಅವನು ಅದಕ್ಕೆ ಕೈಹಾಕುತ್ತಲೇ ನಮ್ಮ ಯೂನಿಯನ್ನಿನವನು ಅಡ್ಡ ಬಂದ.

"ಸೆಟ್ ಸಾಮಾನು ಮುರಿಯೋದು ನಮ್ಮವರ ಕೆಲಸ. ನೀವು ಬಾರ್ಸಿ, ಸಾಕು."

"ಹಾಗಾದ್ರೆ ನೀವೇ ಒಡ್ಕೊಳ್ಳಿ," ಎಂದು ಕ್ಯಾಲ್ ಹೊರಟೇಹೋದ.

ಮಿಲ್ಟ್ ನನ್ನತ್ತ ತಿರುಗಿದ. "ಆರ್ವಿಲ್, ವಿಗ್ ಹಾಕ್ಕೊ."

"ನಂಗೆ ಐವತ್ತೊಂದು ಕಣಯ್ಯಾ!"

"ಹೊಗೆ ಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ."

ವಿಗ್, ಕಪ್ಪು ಕನ್ನಡಕ, ಚರ್ಮದ ಕೋಟು ಏರಿಸಿಕೊಂಡು ಗಿಟಾರನ್ನು ನೆಲಕ್ಕೆ ಅಪ್ಪಳಿಸಿದೆ. ಅದು ಚೂರುಚೂರಾಯಿತು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ನೆಲದ ಮೇಲೆ ಚೂರು ಕಂಡರೆ ಈ ಕೈ ಸುಮ್ಮನಿರುವುದಿಲ್ಲ. ಆ ಜಾರುವ ಹುಡುಗಿಯರು ಎಡವಿ ಬಿದ್ದರೆ? ಮಂಡಿಯೂರಿ, ನನ್ನ ಪ್ಯಾಂಟಿನ ಜೇಬಿನಲ್ಲಿ ಸದಾ ಇರುವ ಬ್ರಷ್ ತೆಗೆದು, ಕ್ಯಾಮೆರಾದ ಮುಂದೆಯೇ ಎಲ್ಲವನ್ನೂ ಗುಡಿಸಿ ಎತ್ತಿಕೊಂಡೆ. ಮಿಲ್ಟ್ ಬಾಯಿಗೆ ಬಂದಂತೆ ಬೈದ. ಇನ್ನೊಂದು ಗಿಟಾರ್ ಇರಲಿಲ್ಲವಾದ್ದರಿಂದ ಅದೇ ಪ್ರಸಾರವಾಯಿತು.

ಭಾನುವಾರ ಸಂಜೆ ರಾಬಿನ್ ಆಡಿಕೊಳ್ಳಲೆಂದೇ ಟೀವಿ ಮುಂದೆ ಕೂತಳು. ನನ್ನ ಗುರುತು ಹಿಡಿದರೆ ಇನ್ನು ಮಾತಿನ ಆಸೆಯೇ ಇಲ್ಲವೆಂದು ಪಾಪ್‌ಕಾರ್ನ್ ಬಟ್ಟಲು ಹಿಡಿದು ಸೋಫಾದ ಆ ತುದಿಯಲ್ಲಿ ಕೂತೆ. ಗುಡಿಸುವುದು ಶುರುವಾದಾಗ ಅವಳ ನಗು ನಿಂತಿತು.

"ಅಯ್ಯೋ, ಒಡೆದಿದ್ದನ್ನ ತಾನೇ ಗುಡಿಸ್ತಿದಾನೆ! ಅಷ್ಟೂ ಜನರಲ್ಲಿ ನಾಟಕ ಆಡ್ದೇ ಇರೋನು ಇವನೊಬ್ನೇ. ಯಾರಪ್ಪಾ ಇವ್ನು?"

ನಾಲ್ಕು ತಿಂಗಳ ಮೇಲೆ, ನನ್ನನ್ನೇ ಕೇಳಿದ್ದಳು. ಗುಟ್ಟು ಗೊತ್ತಿದ್ದ ಹೆಂಡತಿ, ಪಕ್ಕದಲ್ಲೇ ಕೂತವಳು, ಹೇಳೆಂದು ಮೊಣಕೈಯಿಂದ ತಿವಿದಳು. ಧೈರ್ಯ ಸಾಲಲಿಲ್ಲ.

"ಯಾರೋ ಲಂಡನ್ ಕಡೆಯವ್ನು."

"ನೀನು ಮಾತಾಡ್ಸಿದ್ಯಾ? ಹೇಗಿದಾನೆ?"

"ಮಾತು ಕಮ್ಮಿ. ಮೂಲೇಲಿ ಕೂತು ಸ್ಯಾಂಡ್‌ವಿಚ್ ತಿಂತಿದ್ದ. ನಿನ್ನ ವಯಸ್ಸಿನ ಮಗಳಿದಾಳಂತೆ."

"ಪುಣ್ಯ ಮಾಡಿದಾಳೆ ಬಿಡು."

"ಅವಳಿಗೆ ಹಾಗೇನೂ ಅನ್ಸಲ್ವಂತೆ," ಅಂದೆ.

"ಕತ್ತೆ ಇರ್ಬೇಕು ಅವ್ಳು," ಎಂದು ರಾಬಿನ್ ನನ್ನ ಪಕ್ಕಕ್ಕೆ ಸರಿದು, ನನ್ನ ಬಟ್ಟಲಿನ ಪಾಪ್‌ಕಾರ್ನ್‌ಗೆ ಕೈಹಾಕಿದಳು.