ಉಣ್ಣದ ದೀಪ

"ಕುಣಿಯೋಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ! ಕಣ್ಣು ನಿಮ್ದು ಹೋಗಿರೋದು, ದೀಪದ ಮೇಲ್ಯಾಕೆ ಹಾಕ್ತೀರಾ ಬು?"

ಜಾವಾದ ನಮ್ಮ ಕೆತೊಪ್ರಾಕ್ ನಾಟಕ ಮಂಡಳಿಯ ಯಜಮಾನ ದರ್ಮಾಜಿ ಎಲ್ಲರೆದುರೇ ಹೀಗೆ ಅಂದುಬಿಟ್ಟ. ಅನ್ನಿಸಿಕೊಂಡವರು ಬು ಸುತಿನಾ. ಬು ಎಂದರೆ ಅಮ್ಮ. ಮಂಡಳಿಗೆಲ್ಲ ಅಮ್ಮನೇ ಅವರು. ನಲವತ್ತು ವರ್ಷದಿಂದ ನಮ್ಮ ರಾಣಿ. ಸಕ್ಕರೆ ಕಾಯಿಲೆಯಿಂದ ಈಗ ದೃಷ್ಟಿ ಮುಕ್ಕಾಲು ಹೋಗಿದೆ. ರಂಗದ ಎಡ ಅಂಚಿನಲ್ಲಿ ನೆಲದ ಮೇಲಿಟ್ಟ ಎಲ್‌ಇಡಿ ದೀಪವನ್ನೇ ಗುರುತು ಹಿಡಿದು ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಆ ದೀಪ ಎರಡನೇ ಅಂಕಕ್ಕೆ ಮಂಕಾಗುತ್ತದೆ ಎಂದು ಮೂರು ದಿನದಿಂದ ಹೇಳುತ್ತಿದ್ದರು. ನಿನ್ನೆ ಅಂಚು ತಪ್ಪಿ ವಾದ್ಯದವರ ಮೇಲೆ ಬೀಳುವುದರಲ್ಲಿದ್ದರು.

"ಇವತ್ತೂ ತಪ್ಪಿದ್ರೆ ನಾಳೆಯಿಂದ ರಾಣಿ ಪಾತ್ರ ಆ ಹುಡುಗಿ ವುರ್ಯಾನಿಗೆ," ಎಂದ ದರ್ಮಾಜಿ.

ದೀಪ ಸರಿಯಾಗೇ ಇದೆ ಎಂದು ಅವನಿಗೆ ಸಾಕ್ಷಿ ಹೇಳಿದ ಮಹಾಶಯ ನಾನೇ, ದೀಪದ ಕಾರ್ಜೊ. ದಿನಾ ಮಧ್ಯಾಹ್ನ ಹಾಕಿ ನೋಡುವುದು, ಉರಿಯುತ್ತದೆ ಎಂದು ಆರಿಸುವುದು. ಆಟದ ಹೊತ್ತಿನಲ್ಲಿ ನನ್ನ ಮೂಲೆ ಆ ದೀಪದ ಬೆನ್ನ ಹಿಂದೆ. ಮುಂದೆ ಕೂತವರಿಗೂ ಮೇಲಿನ ದೀಪಗಳ ನಡುವೆ ಇದೊಂದು ಕುಗ್ಗಿದ್ದು ತಿಳಿಯುವಂತಿರಲಿಲ್ಲ.

ಬು ವಾದಿಸಲಿಲ್ಲ. "ಇರ್ಬೋದಪ್ಪಾ, ನನ್ ಕಣ್ಣೇ ಇರ್ಬೇಕು," ಎಂದು ಬಣ್ಣದ ಪೆಟ್ಟಿಗೆ ಮುಚ್ಚಿದರು.

ಆ ಮಧ್ಯಾಹ್ನ ದೀಪ ಹಾಕಿ, ಆರಿಸದೆ ಅಲ್ಲೇ ಕೂತೆ. ಮೀಟರಿನಲ್ಲಿ ಮೊದಲು ಒಂದು ಆಂಪಿಯರ್ ತೋರಿಸಿತು. ಅರ್ಧ ಗಂಟೆ ಕಳೆದಾಗ ಅದರ ಕಾಲು ಭಾಗವೂ ಇಲ್ಲ. ಎದುರಿಗೆ ಹೋಗಿ ನೋಡಿದರೆ ನಿಜವಾಗಿಯೂ ಮಂಕು! ವೈರ್ ಬದಲಿಸಿದೆ, ಪ್ಲಗ್ ಬದಲಿಸಿದೆ. ವೋಲ್ಟೇಜ್ ಪೂರ್ತಿ ಇದೆ. ತಟ್ಟೆ ತುಂಬ ಬಡಿಸಿದ್ದರೂ ಇವನು ಉಣ್ಣುತ್ತಿಲ್ಲ. ಉಣ್ಣದವನಿಗೆ ಜ್ವರವಿರಬೇಕಲ್ಲ? ಬೆನ್ನು ಮುಟ್ಟಿದೆ, ಕೈ ಸುಟ್ಟಿತು. ಒಳಗಿನ ಫ್ಯಾನಿನ ಸದ್ದೇ ಇಲ್ಲ. ಮೈ ಕಾದರೆ ಸುಟ್ಟುಹೋಗದಿರಲೆಂದು ಈ ದೀಪಗಳು ತಾವೇ ಕುಗ್ಗುತ್ತವೆ.

ಸ್ಕ್ರೂ ಬಿಚ್ಚಿದರೆ ಫ್ಯಾನಿನ ಸುತ್ತ ಒಣಗಿದ ಮಲ್ಲಿಗೆ ಮೊಗ್ಗು, ಗುಲಾಬಿ ಎಸಳು.

"ದೀಪದ ಮೇಲೆ ಹೂ ಸುರಿದ ಪುಣ್ಯಾತ್ಮ ಯಾರೋ?" ಎಂದು ಕಿರುಚಿದೆ.

"ನಾನೇ ಕಣೋ," ಎಂದರು ಬು. "ಕ್ಲಿವೊನ್ ಶುಕ್ರವಾರದ ಪೂಜೇಲಿ ವಾದ್ಯದ ದೊಡ್ಡ ಗಂಟೆಗೆ ಹೂ ಹಾಕಿದ್ವಲ್ಲ. ಕಠಾರಿಗೂ ಹಾಕಿದ್ವಿ. ನನ್ನ ಕೈ ಹಿಡಿದು ನಡೆಸೋದು ಇದು, ಇದಕ್ಕೊಂದು ಎಸಳೂ ಇಲ್ವಲ್ಲಾ ಅನ್ನಿಸ್ತು. ಅವತ್ತಿಂದ ದಿನಾ ಹಾಕ್ತಿದೀನಿ."

"ಬು, ನಿಮ್ಮ ಪ್ರೀತಿಗೆ ಅದರ ಉಸಿರೇ ಕಟ್ಟಿದೆ!"

ಆಕೆ ನಗಲಿಲ್ಲ. "ಹಂಗಾದ್ರೆ... ನನ್ ಕಣ್ಣಲ್ವಾ?"

"ಅಲ್ಲ ಬು. ನಮ್ಮೆಲ್ಲರಿಗಿಂತ ನೆಟ್ಟಗೆ ಕಂಡಿದ್ದು ನಿಮಗೇ. ತಪ್ಪು ನಂದು."

ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು. ಐವತ್ತೈದರ ಬೋಳು ತಲೆ, ಆದರೂ ಹಿತವಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನನ್ನು ಸ್ವಚ್ಛ ಮಾಡಿದೆ. ಗುರ್ ಎಂದು ತಿರುಗಿತು.

ಅಂದಿನ ಆಟದಲ್ಲಿ ದರ್ಮಾಜಿಯೇ ರಾಜ. ಎರಡನೇ ಅಂಕ ಬಂತು, ದೀಪ ಕುಗ್ಗಲಿಲ್ಲ. ಬು ನೇರ ನಡೆದು ಬಂದು ತಮ್ಮ ಜಾಗದಲ್ಲಿ ನಿಂತರು, ಒಂದು ಬೆರಳೂ ಆಚೀಚೆ ಇಲ್ಲ. ಇನ್ನು ಸಿಂಹಾಸನಕ್ಕೆ ಕೈ ಮುಗಿಯಬೇಕು. ಆಕೆ ದೀಪದ ಕಡೆ ತಿರುಗಿ ಕೈ ಮುಗಿದರು.

"ಈ ಕಡೆ, ಬು! ರಾಜ ಈ ಕಡೆ!" ಎಂದು ಪಿಸುಗುಟ್ಟಿದ ದರ್ಮಾಜಿ.

"ಗೊತ್ತು, ಸುಮ್ನಿರು," ಎಂದರು ರಾಣಿ.

ಮೂವತ್ತು ವರ್ಷದಲ್ಲಿ ನನ್ನ ಮೂಲೆಯ ಕಡೆಗೆ ಯಾರೂ ಕೈ ಮುಗಿದಿರಲಿಲ್ಲ. ದೀಪದ ಹಿಂದಿನ ಕತ್ತಲಲ್ಲಿ ನಾನು ಆಕೆಗೆ ಕಾಣುವುದಿಲ್ಲವೆಂದು ಗೊತ್ತಿತ್ತು. ಆದರೂ ಎದ್ದು ನಿಂತು ನಾನೂ ಕೈ ಮುಗಿದೆ.