ಕಿವಿ ದಾಟಬೇಕಾದ ವಾಚು

“ಈ ಕಿವಿಗೆ ಹಿಡಿದ್ರೆ ಸಾಕು, ಸತ್ತ ವಾಚೂ ಎದ್ದು ಕೂತ್ಕೊಳ್ಳುತ್ತೆ,” ಎಂದಳು ವಾಚಂಗಡಿಯ ಅಜ್ಜಿ. ಆಮೇಲೆ ತಾನೇ ಬೊಚ್ಚುಬಾಯಿ ತುಂಬ ನಕ್ಕು, “ಅರ್ಧ ಸುಳ್ಳು ಅನ್ಕೋ. ಎಬ್ಬಿಸೋನು ನನ್ನ ಮಗ. ಎದ್ದಿದೆ ಅಂತ ಸಾರೋಳು ನಾನು.”

ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ದರ್ಜಿಯೂ ನಕ್ಕ. ಅಪ್ಪನ ಕಾಲದ ಸ್ವಿಸ್ ವಾಚನ್ನು ಒಯ್ಯಲು ಬಂದಿದ್ದ. ಅಜ್ಜಿಯ ಮಗ ಅದನ್ನು ಪೂರಾ ಬಿಚ್ಚಿ, ಚಕ್ರಗಳ ಹಲ್ಲುಹಲ್ಲಿನ ಜಿಡ್ಡು ತೊಳೆದು, ಹೊಸ ಸ್ಪ್ರಿಂಗ್ ಹಾಕಿ, ಇರುವೆಯ ನಾಲಿಗೆಗೂ ಸಾಲದಷ್ಟು ಎಣ್ಣೆ ಬಿಟ್ಟು ಜೋಡಿಸಿದ್ದ.

ಆ ಅಂಗಡಿಯಲ್ಲಿ ಒಂದು ಪದ್ಧತಿ. ತೀರಿಕೊಂಡ ಗಂಡನ ಕಾಲದಿಂದಲೂ ರಿಪೇರಿಯಾದ ವಾಚು ಅಜ್ಜಿಯ ಕಿವಿ ದಾಟಿಯೇ ಹೊಸ್ತಿಲು ದಾಟಬೇಕು. ಮಲಗಿಸಿ, ಮಗುಚಿ, ನಿಲ್ಲಿಸಿ ಕೇಳುವಳು. ಟಿಕ್‌ಟಿಕ್ ಸದ್ದು ಎರಡೂ ಕಾಲಲ್ಲಿ ಸಮನಾಗಿ ನಡೆದರೆ ಸರಿ. ಕುಂಟಿದರೆ ಮತ್ತೆ ಮೇಜಿಗೆ. ಗಂಡನಿಂದಲೇ ಎಷ್ಟೋ ಸಲ ಮರಳಿ ಬಿಚ್ಚಿಸಿದ್ದಳು.

ಈಚೆಗೆ ಆ ಕಿವಿಯೇ ಕೈಕೊಟ್ಟಿತ್ತು. ಮಾತನ್ನು ಹೇಗೋ ತುಟಿ ನೋಡಿ ಹಿಡಿಯುತ್ತಿದ್ದಳು. ವಾಚಿನ ಸದ್ದು ಮಾತ್ರ ಹತ್ತಿಯೊಳಗೆ ಹೂತುಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಈ ಕುರ್ಚಿಯೂ ಹೋಯಿತು, ಆಮೇಲೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದೇ. ಮಗನ ಕೈ ತಪ್ಪುವುದಿಲ್ಲವೆಂಬ ಧೈರ್ಯದ ಮೇಲೆ ಎಲ್ಲ ವಾಚಿಗೂ ತಲೆದೂಗುತ್ತ ಬಂದಿದ್ದಳು.

“ಬೇಗ ಹೇಳಿ ಅಮ್ಮಾ, ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ,” ಎಂದ ದರ್ಜಿ.

“ನೀನು ಹೇಳಿದ ದಿನಕ್ಕೆ ಅಂಗಿ ಕೊಟ್ಟಿದ್ದು ಉಂಟೇನಪ್ಪ? ಕಾಯೋದು ಅವರಿಗೆ ಅಭ್ಯಾಸ ಆಗಿರುತ್ತೆ, ಸುಮ್ನೆ ಕೂತ್ಕೋ.”

ಮೇಜಿನಿಂದ ವಾಚನ್ನೆತ್ತಿ ಕಿವಿಗಿಟ್ಟು ಕಣ್ಣು ಮುಚ್ಚಿದಳು. “ಆಹಾ, ರಾಜನ ಕುದುರೆ ಹೋದ ಹಾಗೆ ಹೋಗ್ತಿದೆ.”

ಕಣ್ಣು ಬಿಟ್ಟಾಗ ಸೆಕೆಂಡಿನ ಮುಳ್ಳು ಅಲ್ಲಾಡದೆ ನಿಂತಿತ್ತು. ಈಗಷ್ಟೇ ಹೊಸ ಗಾಜು ಕೂರಿಸಿದ್ದ ಮಗ ಇನ್ನೂ ಕೀ ಕೊಟ್ಟಿರಲಿಲ್ಲ.

ಅವಳು ಗಾಜಿನ ಮೇಲೆ ಹೆಬ್ಬೆರಳು ಮುಚ್ಚಿದಳು. ಮಗ ಏನೂ ಆಗದವನಂತೆ ವಾಚನ್ನು ಇಸಿದುಕೊಂಡು, ಒರೆಸುವ ಬಟ್ಟೆಯ ಮರೆಯಲ್ಲಿ ಕೀ ತಿರುಗಿಸಿದ. ಎಂದೂ ಇಲ್ಲದವನು ಒಮ್ಮೆ ತನ್ನ ಕಿವಿಗೂ ಹಿಡಿದು, ದರ್ಜಿಯ ಕೈಗಿಟ್ಟ.

“ಅಮ್ಮ ಹೇಳಿದ್ಮೇಲೆ ಮುಗೀತು, ತಗೊಂಡು ಹೋಗಿ.”

ದರ್ಜಿ ಹೋದ. ಅಂಗಡಿಯಲ್ಲಿ ತಾಯಿ ಮಗ ಇಬ್ಬರೇ. ಅವನು ಇನ್ನೊಂದು ವಾಚನ್ನು ಮುಖ ಕೆಳಗೆ ಮಾಡಿ ಅವಳ ಅಂಗೈಗಿಟ್ಟ. ಅವಳಿಗೆ ಕೇಳಲೆಂದು ತುಸು ಗಟ್ಟಿಯಾಗಿಯೇ ಹೇಳಿದ.

“ಇದನ್ನ ಕೇಳಿ ಹೇಳಮ್ಮ. ನಿಧಾನಕ್ಕೆ ಹೇಳು, ಆತುರ ಏನಿಲ್ಲ.”

ಮಗುಚಿದ್ದರೆ ಮುಳ್ಳು ಓಡುತ್ತಿದೆಯೋ ನಿಂತಿದೆಯೋ ಕಾಣುತ್ತಿತ್ತು. ಅವಳು ಮಗುಚಲಿಲ್ಲ. ಕಿವಿಯ ಮೇಲಿನ ಬಿಳಿಕೂದಲು ಸರಿಸಿ, ವಾಚನ್ನು ಒತ್ತಿ ಹಿಡಿದಳು. ಮಗ ಚಿಮಟ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ಕಾದ.

ವಾಚನ್ನು ಹಾಗೇ ಮೇಜಿನ ಮೇಲಿಟ್ಟು ಅಜ್ಜಿ ಬಾಯಿ ತೆರೆದಳು. ಏನಂದಳು ಅನ್ನುತ್ತೀರಿ? ನೀವೇ ಹೇಳಿ ನೋಡೋಣ.